ಧಾರವಾಡದ ಕಲ್ಲಿಗೆ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ಪ್ರೌಢಶಾಲೆಯ ಭೂಗೋಳ ಪಾಠದಲ್ಲಿ ಧಾರವಾಡ ಶಿಲಾವರ್ಗ ಎಂಬ ಮಾತು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಸಿಗುವ ಹಳೆಯ ರೂಪಾಂತರ ಶಿಲೆ ಎಂದು ಬರೆಸಿ ನಮ್ಮ ಪ್ರಶಿಕ್ಷಣಾರ್ಥಿಗಳು ಮುಂದಿನ ಉಪಶೀರ್ಷಿಕೆಗೆ ಹೋಗುತ್ತಾರೆ. ಪರ್ವತಗಳ ಪಾಠ ಬಂದಾಗ ಮಾತ್ರ ಥರ್ಮೋಕೋಲಿನ ಹಿಮಾಲಯ ತರಗತಿಗೆ ಬರುತ್ತದೆ. ಮಡಿಕೆ ಪರ್ವತ ಎಂದರೆ ಅದು, ನಮ್ಮದು ಪರ್ಯಾಯ ಪ್ರಸ್ಥಭೂಮಿ, ಪ್ರಾಚೀನ, ಸ್ಥಿರ ಎಂದು ಪಾಠ ಮುಗಿಯುತ್ತದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಅಭ್ಯಾಸ ಪಾಠ ನಡೆಸುವವರು ಇಷ್ಟಕ್ಕೇ ತೃಪ್ತರಾಗಬಾರದು ಎಂಬುದು ನನ್ನ ಅಭಿಪ್ರಾಯ. ಈ ನಾಲ್ಕೂ ತಾಲೂಕುಗಳು ನಿಂತಿರುವುದೇ ಮಡಿಕೆಬಿದ್ದ ಒಂದು ಪಟ್ಟಿಯ ಮೇಲೆ. ಅದರ ಶಿಖರಗಳು ಸವೆದುಹೋಗಿವೆ, ಬುಡ ಉಳಿದಿದೆ. ಆ ಬುಡವನ್ನು ಗುರುತಿಸಿ, ಬೇರೆಯ ಕಲ್ಲಿನಿಂದ ವಿಂಗಡಿಸಿ, ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಅವರ ಬದುಕಿನ ಕತೆಯನ್ನೇ ಪಾಠದ ಬೆನ್ನೆಲುಬು ಮಾಡಿಕೊಳ್ಳಬಹುದು ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಇಲಾಖೆಯ ಮುಖ್ಯಸ್ಥರಾಗಿದ್ದ ಥಾಮಸ್ ಓಲ್ಡ್‌ಹ್ಯಾಮ್ ಅವರು ಈ ತರುಣನನ್ನು ಮದ್ರಾಸ್ ಪ್ರಾಂತ್ಯದ ತಂಡಕ್ಕೆ ಹಾಕಿದರು. ಅಲ್ಲಿಂದ ಮುಂದೆ ಮೂವತ್ತಮೂರು ವರ್ಷ ಅವರ ಕೆಲಸ ಹೆಚ್ಚಾಗಿ ದಕ್ಷಿಣ ಭಾರತದ ಕಲ್ಲು, ಮಣ್ಣು, ಹಳ್ಳಗಳ ನಡುವೆಯೇ ನಡೆಯಿತು.

ಇತಿಹಾಸದ ಶಿಕ್ಷಕರಿಗೆ ಇವರು ಬೇರೆ ಕಾರಣಕ್ಕೆ ಗೊತ್ತು. 1863ರ ಮೇ 30ರಂದು ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಜಲ್ಲಿಯ ನಡುವೆ ಒಂದು ಕೈಗೊಡಲಿ ಅವರ ಕಣ್ಣಿಗೆ ಬಿತ್ತು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದನೆಂಬುದಕ್ಕೆ ಅದು ಮೊದಲ ಗಟ್ಟಿ ಸಾಕ್ಷಿ. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಕಲ್ಲಾಯುಧಗಳು ಸಿಕ್ಕವು. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂಬ ಬಿರುದು ಅವರಿಗೆ ಬಂದದ್ದು ಹೀಗೆ. ಹೀಗಾಗಿ ನಮ್ಮ ಕಾಲೇಜುಗಳಲ್ಲಿ ಇತಿಹಾಸ ಬೋಧನಾ ಶಾಸ್ತ್ರದವರು ಅವರನ್ನು ತಮ್ಮವರೆಂದುಕೊಂಡಿದ್ದಾರೆ. ಸಂಬಳ ಬಂದದ್ದು ಮಾತ್ರ ಕಲ್ಲಿನ ನಕ್ಷೆ ಬರೆಯುವುದಕ್ಕೆ, ಕೈಗೊಡಲಿ ದಾರಿಯಲ್ಲಿ ಸಿಕ್ಕದ್ದು. ದಾರಿಯಲ್ಲಿ ಸಿಕ್ಕದ್ದನ್ನು ಕೈಗೆತ್ತಿ ನೋಡುವ ಸ್ವಭಾವ ಅವರಿಗೆ ಕೊನೆಯವರೆಗೂ ಇತ್ತು. ಗೋಕಾಕ ಸೀಮೆಯ ಚಿಕ್ಕದೌಳಿಯ ಹಳ್ಳದ ದಂಡೆಯಲ್ಲಿ ಸಿಕ್ಕ ಎಲುಬುಗಳನ್ನು ಅವರು ಪರಿಶೀಲಿಸಿ, ಅಳಿದುಹೋದ ಒಂದು ಘೇಂಡಾಮೃಗದ ಜಾತಿ ಅದೆಂದು 1874ರಲ್ಲಿ ವಿವರಿಸಿದರು. ಮಲಪ್ರಭೆಯ ಜಲ್ಲಿಯಲ್ಲಿಯೂ ಕಲ್ಲಾಯುಧ ಹುಡುಕಿದರು.

ಗೋಕಾಕಕ್ಕೆ ಅವರು ಬಂದದ್ದು ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ನಾಡಿನ ಸರ್ವೇಕ್ಷಣೆಗೆ. ಹೆಸರಿನಲ್ಲಿ ಮರಾಠಾ ಇದ್ದರೂ ಅದರ ಬಹುಭಾಗ ಅಚ್ಚ ಕನ್ನಡ ನೆಲ: ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳು ಮತ್ತು ನಡುವೆ ಚದುರಿದ ಸಣ್ಣ ಸಂಸ್ಥಾನಗಳು. ಇಂದಿನ ಹಾವೇರಿ ಜಿಲ್ಲೆ 1997ರಲ್ಲಿ ಆದದ್ದು. ಆಗ ಇದೆಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಿರೇಕೆರೂರು ಕೋಡ ತಾಲೂಕಿನ ಕಚೇರಿಯ ಊರು, ಶಿಗ್ಗಾಂವಿ ಬಂಕಾಪುರ ತಾಲೂಕಿನ ಕಚೇರಿಯ ಊರು, ಸವಣೂರು ನವಾಬರ ಪುಟ್ಟ ಸಂಸ್ಥಾನ. ರೈಲು ಇನ್ನೂ ಬಂದಿರಲಿಲ್ಲ. ಶಿಗ್ಗಾಂವಿ ಸೀಮೆಯ ಶಿಶುನಾಳದಲ್ಲಿ ಷರೀಫರು ಬದುಕಿದ್ದ ಕಾಲವದು. ಅವರೂ ಕೆಲವು ಕಾಲ ಶಾಲಾ ಮಾಸ್ತರರಾಗಿದ್ದವರು ಎಂಬುದನ್ನು ಪ್ರಶಿಕ್ಷಣಾರ್ಥಿಗಳಿಗೆ ನೆನಪಿಸುವ ಆಸೆಯಿಂದ ಇದನ್ನು ಸೇರಿಸಿದೆ. ಫೂಟ್ ಅವರ ಕತೆಗೆ ಇದರ ಸಂಬಂಧವಿಲ್ಲ.

ಭೂವಿಜ್ಞಾನಿಯ ಹೊಲದ ಕೆಲಸ ಹೇಗಿರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಮಣ್ಣಿನ ಹೊದಿಕೆ ಸರಿದು ಕಲ್ಲು ಹೊರಗೆ ಕಾಣುವ ಜಾಗ, ಅಂದರೆ ಹಳ್ಳದ ದಂಡೆ, ಬಾವಿಯ ಗೋಡೆ, ಗುಡ್ಡದ ನೆತ್ತಿ, ಇಲ್ಲೆಲ್ಲ ನಿಂತು ಅವನು ಎರಡು ಸಂಗತಿ ಬರೆದುಕೊಳ್ಳುತ್ತಾನೆ. ಪದರಗಳು ಯಾವ ದಿಕ್ಕಿಗೆ ಸಾಗುತ್ತವೆ ಎಂಬುದು ಒಂದು. ಇದನ್ನು ಪದರದ ಓಟ ಎನ್ನೋಣ. ಅವು ನೆಲದಿಂದ ಎಷ್ಟು ಕೋನದಲ್ಲಿ ಇಳಿಯುತ್ತವೆ ಎಂಬುದು ಇನ್ನೊಂದು. ಇದು ಪದರದ ಬಾಗು. ಒಂದು ಜಾಗದ ಓಟ, ಬಾಗು ಏನನ್ನೂ ಹೇಳುವುದಿಲ್ಲ. ನೂರು ಜಾಗದ್ದನ್ನು ನಕ್ಷೆಯ ಮೇಲೆ ಇಟ್ಟಾಗ ನೆಲದಡಿಯ ಆಕಾರ ಮೂಡತೊಡಗುತ್ತದೆ. ಇದಕ್ಕೆ ಜಾಣತನಕ್ಕಿಂತ ಕಾಲು ಬೇಕು.

ಹೀಗೆ ನಡೆಯುತ್ತ ಫೂಟ್ ಈ ಸೀಮೆಯಲ್ಲಿ ಎರಡು ಬಗೆಯ ನೆಲ ಕಂಡರು. ಉತ್ತರಕ್ಕೆ, ಬಾದಾಮಿ ಗೋಕಾಕಗಳ ಕಡೆ, ಮರಳುಗಲ್ಲು ಹೆಚ್ಚುಕಡಿಮೆ ಮಲಗಿಕೊಂಡಿದೆ. ಪುಸ್ತಕಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ ಹಾಗೆ. ಈ ಕಲ್ಲುಗಳ ವರ್ಗಕ್ಕೆ ಕಲಾದಗಿ ಎಂಬ ಹೆಸರು ನಿಂತಿತು. ದಕ್ಷಿಣಕ್ಕೆ, ಧಾರವಾಡದಿಂದ ಶಿಗ್ಗಾಂವಿ, ಹಾನಗಲ್ಲ ದಾಟಿ ಹಿರೇಕೆರೂರಿನವರೆಗೆ, ಪದರಗಳು ಎದ್ದು ನಿಂತಿವೆ. ಪುಸ್ತಕಗಳನ್ನು ಕಪಾಟಿನಲ್ಲಿ ಬೆನ್ನು ಕಾಣುವಂತೆ ಜೋಡಿಸಿದ ಹಾಗೆ. ಓಟ ಬಹುಪಾಲು ವಾಯವ್ಯದಿಂದ ಆಗ್ನೇಯಕ್ಕೆ. ಈ ವ್ಯತ್ಯಾಸವನ್ನು ಗುಡಿಗಳಲ್ಲಿಯೂ ಕಾಣಬಹುದು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರು ಮಲಗಿದ ಮರಳುಗಲ್ಲಿನಲ್ಲಿ ಕೊರೆದರು. ಮುಂದೆ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿಗೆ ಒಲಿದರು; ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛಾವಣಿ ಆ ಒಲವಿನ ಫಲ. ಬಳಪದ ಕಲ್ಲು ಧಾರವಾಡ ಪಟ್ಟಿಯ ಶಿಲೆಗಳೊಡನೆ ಸಿಗುವಂಥದು. ಹಿಂಡಿ, ಕಾಯಿಸಿ, ಮೃದುವಾದ ಹಾಳೆ ಹಾಳೆಯ ಖನಿಜವಾಗಿ ಮಾರ್ಪಟ್ಟ ಕಲ್ಲು. ಉಗುರಿನಿಂದ ಗೀಚಿದರೆ ಗೆರೆ ಬೀಳುವ ಆ ಮೃದುತ್ವ ಭೂಮಿಯೊಳಗಿನ ಶಾಖ, ಒತ್ತಡಗಳ ಕೊಡುಗೆ. (ಮಕ್ಕಳನ್ನು ಕರೆದೊಯ್ದರೆ ಗುಡಿಯ ಕಲ್ಲನ್ನು ಗೀಚಬಾರದೆಂದು ಮೊದಲೇ ಹೇಳಿ. ಕಿಸೆಯಲ್ಲಿ ಒಂದು ಬಳಪ ಇರಲಿ, ಸಾಕು.)

ಕೆಸರು, ಮರಳು ನೀರಿನಡಿ ಶೇಖರವಾಗುವಾಗ ಮಲಗಿಯೇ ಶೇಖರವಾಗುತ್ತವೆ. ಎದ್ದು ನಿಂತಿವೆಯೆಂದರೆ ಯಾರೋ ಎಬ್ಬಿಸಿದ್ದಾರೆ. ಎರಡು ಬದಿಯಿಂದ ಒತ್ತಿದ ಚಾಪೆ ಮಡಿಕೆಬೀಳುವಂತೆ ನೆಲ ಮಡಿಕೆಬಿದ್ದಿದೆ. ಮಡಿಕೆಗಳು ಎಷ್ಟು ಬಿಗಿಯೆಂದರೆ ಎರಡು ಮಗ್ಗುಲೂ ಒಂದಕ್ಕೊಂದು ಸಮಾನಾಂತರವಾಗಿವೆ. ಆಮೇಲೆ ಮಳೆ, ಗಾಳಿ, ಹೊಳೆ ಮೇಲಿನದನ್ನೆಲ್ಲ ಕೊಚ್ಚಿ ಒಯ್ದಿವೆ. ಇಂದು ನಮಗೆ ಕಾಣುವುದು ಕತ್ತರಿಸಿದ ಮಡಿಕೆಯ ಅಂಚು ಮಾತ್ರ. ಗಟ್ಟಿ ಪದರಗಳು ಸಾಲುಗುಡ್ಡಗಳಾಗಿ ಉಳಿದಿವೆ, ಮೆತ್ತಗಿನವು ಹೊಲಗಳಾಗಿವೆ.

ಈ ಎಲ್ಲ ಕೆಲಸ 1876ರಲ್ಲಿ ದೊಡ್ಡ ವರದಿಯಾಗಿ ಪ್ರಕಟವಾಯಿತು. ದಕ್ಷಿಣ ಮರಾಠಾ ಸೀಮೆಯ ಭೂವಿವರಣೆಗೆ ಅದು ಅಡಿಪಾಯ. ಆದರೆ ಒಂದು ಮಾತು. ಆ ವರದಿಯಲ್ಲಿ ಧಾರವಾಡ ವರ್ಗ ಎಂಬುದು ಇಲ್ಲ! ಎದ್ದು ನಿಂತ ಪದರುಕಲ್ಲುಗಳನ್ನೂ ಅವುಗಳ ಸುತ್ತಲಿನ ನೈಸ್ ಎಂಬ ಪಟ್ಟೆಪಟ್ಟೆ ಕಲ್ಲನ್ನೂ ಫೂಟ್ ಒಂದೇ ಹಳೆಯ ಸಮೂಹದಲ್ಲಿ ಇಟ್ಟಿದ್ದರು. ಎರಡೂ ಹಳೆಯವು, ಎರಡೂ ರೂಪಾಂತರ ಹೊಂದಿದವು, ಬೇರೆ ಮಾಡಲು ಸಾಕಷ್ಟು ಕಾರಣ ಆಗ ಅವರಿಗೆ ಕಾಣಲಿಲ್ಲ.

ಮುಂದಿನ ಹತ್ತು ಹನ್ನೆರಡು ವರ್ಷ ಅವರ ಬದುಕಿನ ಸತ್ವದ ಭಾಗ ಎಂದು ನನಗೆ ಅನ್ನಿಸುತ್ತದೆ. ವರದಿ ಅಚ್ಚಾಗಿದೆ, ಹೆಸರು ಬಂದಿದೆ. ಅಲ್ಲಿಗೇ ನಿಲ್ಲಬಹುದಿತ್ತು. 1880ರ ದಶಕದಲ್ಲಿ ಅವರು ಬಳ್ಳಾರಿ, ಅನಂತಪುರ ಸೀಮೆಗಳಲ್ಲಿ ದುಡಿದರು, ಸಂಡೂರಿನ ಕಬ್ಬಿಣದ ಗುಡ್ಡಗಳನ್ನು ನೋಡಿದರು. 1887ರಲ್ಲಿ ಚಿನ್ನದ ಗದ್ದಲದ ನಡುವೆ ಮೈಸೂರು ಸಂಸ್ಥಾನವನ್ನು ಅಡ್ಡಲಾಗಿ ಹಾದು ನೋಡಿದರು. ಎಲ್ಲ ಕಡೆಯೂ ಅದೇ ಚಿತ್ರ: ನೈಸ್ ಶಿಲೆಯ ವಿಶಾಲ ಬಯಲು, ಅದರ ನಡುವೆ ಉದ್ದುದ್ದ ಪಟ್ಟಿಗಳಾಗಿ ಹಸಿರು, ಕಪ್ಪು, ಕೆಂಪು ಪದರುಕಲ್ಲು. ಚಿನ್ನ ಸಿಕ್ಕರೆ ಹೆಚ್ಚಾಗಿ ಪಟ್ಟಿಯಲ್ಲಿ ಸಿಗುತ್ತದೆ, ಬಯಲಿನಲ್ಲಿ ಅಲ್ಲ. ಧಾರವಾಡದಲ್ಲಿ ಕಂಡದ್ದು ಬೇರೆ, ಬಳ್ಳಾರಿಯಲ್ಲಿ ಕಂಡದ್ದು ಬೇರೆ ಎಂದು ಇನ್ನು ಹೇಳುವಂತಿರಲಿಲ್ಲ. ಎಲ್ಲವೂ ಒಂದೇ ವರ್ಗ, ನೈಸ್‌ಗಿಂತ ಪ್ರತ್ಯೇಕ. ಒಂದು ಕಾಲಕ್ಕೆ ನೈಸ್ ನೆಲದ ಮೇಲೆ ಹಾಸಿದ್ದ ಹೊದಿಕೆ. ಮಡಿಕೆಬಿದ್ದು ನೆಲದೊಳಕ್ಕೆ ಇಳಿದ ತಗ್ಗಿನ ಭಾಗಗಳು ಮಾತ್ರ ಸವೆಯದೆ ಉಳಿದು ಪಟ್ಟಿಗಳಾಗಿವೆ. ಹೀಗೆ ತಮ್ಮದೇ ವರದಿಯ ವಿಂಗಡಣೆಯನ್ನು ಬದಲಿಸಿ, ದಶಕದ ಕೊನೆಯ ಲೇಖನಗಳಲ್ಲಿ ಇದನ್ನು ಧಾರವಾಡ ವರ್ಗ ಎಂದು ಕರೆದು, ದಕ್ಷಿಣ ಭಾರತದ ಚಿನ್ನದ ಮುಖ್ಯ ನೆಲೆ ಇದೇ ಎಂದು ಸಾಧಿಸಿದರು.

ಚಿನ್ನದ ಮಾತು ಬಂದದ್ದರಿಂದ ಸ್ವಲ್ಪ ಹಿಂದಕ್ಕೆ. ಡಂಬಳದ ಗುಡ್ಡಗಳು, ಅಂದರೆ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲು, ಅವುಗಳ ಚಿನ್ನದ ಬಗ್ಗೆ ಫೂಟ್ 1874ರಲ್ಲಿಯೇ ಬರೆದಿದ್ದರು. ಅಲ್ಲಿ ಸೊರಟೂರಿನ ಆಸುಪಾಸಿನ ಹಳ್ಳಗಳ ಮರಳು ತೊಳೆದು ಚಿನ್ನದ ಕಣ ತೆಗೆಯುವ ಜಾಲಗಾರರಿದ್ದರು. ಯಾವ ಹಳ್ಳದಲ್ಲಿ ಕಣ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಅಂಥ ತಿಳಿವಳಿಕೆಗೆ ಬೆಲೆ ಕಟ್ಟಲಾಗದು.

1891ರಲ್ಲಿ ಫೂಟ್ ಸರ್ವೇಕ್ಷಣಾ ಇಲಾಖೆಯಿಂದ ನಿವೃತ್ತರಾದರು. ಆಮೇಲೆ ಬರೋಡಾ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸರ್ಕಾರ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅರುವತ್ತು ತುಂಬುತ್ತಿದ್ದ ಫೂಟ್ ಅವರನ್ನು ಅದರ ಮೊದಲ ಮುಖ್ಯಸ್ಥರನ್ನಾಗಿ ಕರೆಯಿತು. ಕೆಲವೇ ವರ್ಷ ಅಲ್ಲಿದ್ದು, ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿದರು. ಜೀವಮಾನವೆಲ್ಲ ಕೂಡಿಸಿದ ಕಲ್ಲಾಯುಧ, ಮಡಕೆ ಚೂರುಗಳನ್ನು, ನಾಲ್ಕು ನೂರಕ್ಕೂ ಹೆಚ್ಚು ನೆಲೆಗಳಿಂದ ತಂದವನ್ನು, 1904ರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡಿತು. ಅವುಗಳ ಪಟ್ಟಿಯನ್ನು ಸ್ವತಃ ಬರೆಯುತ್ತ ಕುಳಿತರು. 1912ರ ಡಿಸೆಂಬರ್ 29ರಂದು ತೀರಿಕೊಂಡರು. ಪಟ್ಟಿಯ ಸಂಪುಟಗಳು 1914ರಲ್ಲಿ ಮತ್ತು 1916ರಲ್ಲಿ ಹೊರಬಂದವು.

ಅವರ ಕಲ್ಲಿನ ವಿಚಾರ ಮಾತ್ರ ಅವರ ಕೊನೆಗಾಲದ ಹೊತ್ತಿಗೆ ಸಂಕಟದಲ್ಲಿತ್ತು. ಮೈಸೂರು ಇಲಾಖೆಯಲ್ಲಿ ಅವರ ನಂತರ ಬಂದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದರು. ನೈಸ್ ಮತ್ತು ಗ್ರಾನೈಟು ಪದರುಕಲ್ಲಿನೊಳಕ್ಕೆ ನುಗ್ಗಿ ಸೀಳಿರುವುದನ್ನು ಸ್ಮೀತ್ ಮತ್ತು ಅವರ ತಂಡ ಅನೇಕ ಕಡೆ ಕಂಡರು. ನುಗ್ಗಿದ್ದು ಕಿರಿದು, ನುಗ್ಗಿಸಿಕೊಂಡದ್ದು ಹಿರಿದು. ಹಾಗಾದರೆ ಧಾರವಾಡವೇ ಎಲ್ಲಕ್ಕಿಂತ ಹಳೆಯದು, ಕೆಳಗೆ ನೆಲ ಎಂಬುದೇ ಇರಲಿಲ್ಲ ಎಂದಾಯಿತು. ಪದರುಕಲ್ಲಿನ ಬಹುಭಾಗ ಕೆಸರು ಮರಳಿನದ್ದಲ್ಲ, ಅಗ್ನಿಶಿಲೆಯೇ ಎಂದೂ ಅವರು ವಾದಿಸಿದರು. ಹಲವು ವರ್ಷ ಮೈಸೂರಿನಲ್ಲಿ ಇದೇ ಪ್ರಬಲ ಮತವಾಗಿತ್ತು. ಆಮೇಲೆ ಬಿ. ರಾಮರಾವ್ ಮೊದಲಾದವರು ಪದರುಕಲ್ಲಿನಲ್ಲಿ ಅಲೆಯ ಗುರುತು, ಬೆಣಚಿನ ಉಂಡೆಕಲ್ಲು ತುಂಬಿದ ಹಾಸುಗಳನ್ನು ಮುಂದಿಟ್ಟು ನೀರಿನಡಿ ಶೇಖರವಾದದ್ದಕ್ಕೆ ಪುರಾವೆ ಕೊಟ್ಟರು. ಕಲ್ಲಿನ ವಯಸ್ಸನ್ನು ಅಳೆಯುವ ವಿಧಾನ ಬಂದ ಮೇಲೆ ಚಿತ್ರ ಇನ್ನೂ ತಿಳಿಯಾಯಿತು. 300 ಕೋಟಿ ವರ್ಷಕ್ಕೂ ಹಳೆಯ ನೈಸ್ ನೆಲ ಇತ್ತು. ಅದರ ಮೇಲೆ ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದಿನ ನಡುವೆ ಧಾರವಾಡದ ಹಾಸುಗಳು ಬಿದ್ದವು. ಸುಮಾರು 260ರಿಂದ 250 ಕೋಟಿ ವರ್ಷಗಳ ಹಿಂದೆ ಹೊಸ ಗ್ರಾನೈಟು ಎರಡರೊಳಕ್ಕೂ ನುಗ್ಗಿತು. ಫೂಟ್ ನೋಡಿದ ನೆಲವೂ ನಿಜ, ಸ್ಮೀತ್ ನೋಡಿದ ನುಗ್ಗಾಟವೂ ನಿಜ. ಇಬ್ಬರೂ ಬೇರೆ ಬೇರೆ ವಯಸ್ಸಿನ ಕಲ್ಲನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಹೈಸ್ಕೂಲು ಮಕ್ಕಳಿಗೆ ವಿಜ್ಞಾನದ ಸ್ವಭಾವ ತಿಳಿಸಲು ನ್ಯೂಟನ್ನನ ಸೇಬಿಗಿಂತ ಇದು ಒಳ್ಳೆಯ ಉದಾಹರಣೆ ಎಂದು ನನಗೆ ಕಾಣುತ್ತದೆ. ಮನೆಯ ಹಿತ್ತಲಿನ ಕಲ್ಲಿನದು ಎಂಬುದು ಹೆಚ್ಚಿನ ಲಾಭ.

ಇನ್ನು ಸ್ಥಿರ ಎಂಬ ಪದದ ವಿಚಾರ. ಹಳೆಯ ಮಡಿಕೆ ಸುಮ್ಮನೆ ಸತ್ತು ಬಿದ್ದಿರುತ್ತದೆಯೇ? ಫೂಟ್ ಅವರ ಸಮಕಾಲೀನ, ಗೊಂಡ್ವಾನ ಭೂಖಂಡಕ್ಕೆ ಹೆಸರಿಟ್ಟ ವಿಯೆನ್ನಾದ ಎಡ್ವರ್ಡ್ ಸ್ಯೂಸ್ ಯೂರೋಪಿನ ಪರ್ವತಗಳನ್ನು ನೋಡುತ್ತ ಒಂದು ಸಂಗತಿ ಗಮನಿಸಿದ್ದರು: ಹೊಸ ಮಡಿಕೆಗಳು ಹಳೆಯ ಮಡಿಕೆಗಳ ಗೆರೆ ಹಿಡಿದು ಏಳುವುದುಂಟು. ಕಾರಣ ಸರಳ. ಒಂದು ಕಾಗದವನ್ನು ಮಡಿಸಿ, ಉಗುರಿನಿಂದ ತೀಡಿ, ಬಿಡಿಸಿ. ಈಗ ಎರಡು ಅಂಚು ಹಿಡಿದು ಒತ್ತಿದರೆ ಅದು ಹೊಸ ಜಾಗದಲ್ಲಿ ಬಾಗುವುದಿಲ್ಲ, ಮಡಿಕೆಯ ಗೆರೆಯಲ್ಲೇ ಬಾಗುತ್ತದೆ. ಕಲ್ಲಿನಲ್ಲಿ ಆ ಗೆರೆ ಎಂದರೆ ಹಾಳೆ ಹಾಳೆಯಾದ ಪದರು, ಕಲ್ಲು ಅರೆದು ಹುಡಿಯಾದ ಸ್ತರಭಂಗ, ಎರಡು ಬಗೆಯ ಕಲ್ಲು ಸಂಧಿಸುವ ಅಂಚು. ಹೊಸದಾಗಿ ಒಡೆಯುವುದಕ್ಕಿಂತ ಒಡೆದಲ್ಲಿ ಜಾರುವುದು ಸುಲಭ.

ನಮ್ಮ ಪಟ್ಟಿಯೊಳಗೇ ಇದಕ್ಕೆ ಸಾಕ್ಷಿಯಿದೆ. ಧಾರವಾಡದ ಕಲ್ಲು ಒಂದೇ ಸಲ ಮಡಿಕೆಬಿದ್ದದ್ದಲ್ಲ, ಮಡಿಕೆಯ ಮೇಲೆ ಮಡಿಕೆ ಬಿದ್ದಿದೆ. ಗದಗಿನಿಂದ ಚಿತ್ರದುರ್ಗದ ಕಡೆ ಹೋಗುವ ಪಟ್ಟಿಯಲ್ಲಿ ಕಲ್ಲು ಕತ್ತರಿಯಂತೆ ಒಂದರ ಪಕ್ಕ ಒಂದು ಜಾರಿದ ವಲಯಗಳಿವೆ. ಅಂಥ ಬಿರುಕುಗಳ ಮೂಲಕವೇ ಬಿಸಿನೀರು ಚಿನ್ನ ಕರಗಿಸಿಕೊಂಡು ಮೇಲೇರಿ ಬೆಣಚಿನ ಎಳೆಗಳಲ್ಲಿ ಬಿಟ್ಟಿತು. ಜಾಲಗಾರರ ಮರಿಗೆಯ ಕಣದ ಮೂಲ ಅದು.

ಬಹಳ ಕಾಲಾನಂತರ, ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಯಿತು. ನಕ್ಷೆಯಲ್ಲಿ ಕರ್ನಾಟಕದ ಕರಾವಳಿಗೆ ಅಡಿಕಟ್ಟು ಇಟ್ಟು ನೋಡಿ, ಅದು ಹೆಚ್ಚುಕಡಿಮೆ ನೇರ. ಅದರ ದಿಕ್ಕೂ ಹಿರೇಕೆರೂರಿನ ಗುಡ್ಡಸಾಲಿನ ಓಟವೂ ಬಹಳ ದೂರವಿಲ್ಲ. ಭೂಖಂಡ ಸೀಳುವಾಗ ಧಾರವಾಡದ ಹಳೆಯ ಗೆರೆಯನ್ನೇ ಬಳಸಿಕೊಂಡಿತು ಎಂದು ಅನೇಕ ಭೂವಿಜ್ಞಾನಿಗಳು ಹೇಳುತ್ತಾರೆ. ಸಹ್ಯಾದ್ರಿ ಮಡಿಕೆ ಪರ್ವತವಲ್ಲ, ಈ ಸೀಳಿಕೆಯ ಅಂಚು ಎಂಬುದನ್ನು ಪಾಠಯೋಜನೆಯಲ್ಲಿ ಸ್ಪಷ್ಟಪಡಿಸಿಕೊಳ್ಳಿ. ಇಲ್ಲಿ ತಪ್ಪುವವರು ಬಹಳ. ಅದಾದ ಮೇಲೆ, ಸುಮಾರು 5 ಕೋಟಿ ವರ್ಷಗಳ ಹಿಂದೆ, ಭಾರತದ ಉತ್ತರದ ಅಂಚು ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿತು. ಆ ಒತ್ತಡ ಹಿಮಾಲಯದಲ್ಲಿ ಮಾತ್ರ ಇಲ್ಲ, ಇಡೀ ಫಲಕದೊಳಗೆ ಹರಡಿದೆ. ಪರ್ಯಾಯ ದ್ವೀಪದ ಹಳೆಯ ಬಿರುಕುಗಳನ್ನು ಅದು ಅಮುಕುತ್ತಲೇ ಇದೆ. 1967ರ ಡಿಸೆಂಬರ್‌ನಲ್ಲಿ ಕೊಯ್ನಾದಲ್ಲಿ ಭೂಮಿ ನಡುಗಿತು. ಅಲ್ಲಿ ಜಲಾಶಯದ ನೀರೂ ಕೂಡಿಕೊಂಡಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಊರುಗಳೇ ಕುಸಿದವು. ಎರಡೂ ಕಡೆ ಮೇಲೆ ಕಪ್ಪು ಬಸಾಲ್ಟು, ಕೆಳಗೆ ಹಳೆಯ ನೆಲ. ಕೊಯ್ನಾದಲ್ಲಿ ಕೊರೆದಾಗ ಸುಮಾರು 1 ಕಿ.ಮೀ. ಬಸಾಲ್ಟಿನ ಅಡಿಗೆ ಗ್ರಾನೈಟು, ನೈಸ್ ಸಿಕ್ಕಿತು. ಸ್ಥಿರ ಎಂಬ ಪದವನ್ನು ಕಪ್ಪುಹಲಗೆಯಿಂದ ಅಳಿಸಬೇಕಿಲ್ಲ. ಹಿಮಾಲಯಕ್ಕೆ ಹೋಲಿಸಿದರೆ ಎಂದು ಪಕ್ಕದಲ್ಲಿ ಸೇರಿಸಿದರೆ ಸಾಕು. ಫೂಟ್ ಅವರಿಗೆ ಇದಾವುದೂ ಗೊತ್ತಿರುವುದು ಸಾಧ್ಯವಿರಲಿಲ್ಲ, ಆದರೆ ಬಿರುಕು ಎಲ್ಲಿ, ಓಟ ಎತ್ತ ಎಂದು ಹುಡುಕುವವರು ಅವರ ಪಟ್ಟಿಗಳಿಂದಲೇ ಆರಂಭಿಸುತ್ತಾರೆ.

ಪಾಠಕ್ಕೆ ಬರೋಣ. ಕಾಗದದ ಪ್ರಯೋಗ ಪ್ರತಿ ಮಗುವಿನ ಕೈಯಲ್ಲೂ ಆಗಲಿ. ಶಿಕ್ಷಕರು ಮಾಡಿ ತೋರಿಸಿದರೆ ಅರ್ಧ ಪರಿಣಾಮವೂ ಇಲ್ಲ. ಹೊರಸಂಚಾರಕ್ಕೆ ಮದಗ ಮಾಸೂರಿನ ಕೆರೆಯ ಕಡೆ ಹೋಗಿ. ಅಲ್ಲಿ ಕುಮುದ್ವತಿ ಹೊಳೆ ಗುಡ್ಡಸಾಲನ್ನು ಸೀಳಿ ಬರುತ್ತದೆ; ಆ ಸೀಳಿನಲ್ಲಿಯೇ ಹಿಂದಿನವರು ಏರಿ ಕಟ್ಟಿದರು. ಗುಡ್ಡ ಎರಡು ಬದಿಗೆ ಗೋಡೆಯಾಗಿ ಸಿಕ್ಕದ್ದರಿಂದ ನಡುವಿನ ಕಂಡಿ ಮುಚ್ಚಿದರೆ ಸಾಕಾಯಿತು. ಸವಣೂರಿನ ಕಪ್ಪು ಮಣ್ಣಿನ ಬಯಲಿನ ಶಾಲೆಯವರಿಗೆ ಗುಡ್ಡ ದೂರ. ಅವರು ವರದೆಯ ದಂಡೆಯಲ್ಲಿ ಅಥವಾ ಹಳೆಯ ತೆರೆದ ಬಾವಿಗಳಲ್ಲಿ ಮೇಲಿನಿಂದಲೇ ನೋಡಲಿ, ಮಕ್ಕಳನ್ನು ಬಾವಿಗೆ ಇಳಿಸಬೇಡಿ. ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಕಲ್ಲು ಚೆನ್ನಾಗಿ ಕಾಣುತ್ತದೆ.

ಕೈಯಲ್ಲಿ ದಿಕ್ಸೂಚಿ ಇದ್ದರೆ ಸಾಕು, ಮೊಬೈಲಿನದ್ದೂ ನಡೆಯುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಕಲ್ಲಿನ ಹತ್ತಿರ ಸೂಜಿ ದಾರಿ ತಪ್ಪಬಹುದು, ಎರಡು ಹೆಜ್ಜೆ ಸರಿದು ಮತ್ತೊಮ್ಮೆ ಓದಿಸಿ. ಪ್ರತಿ ಗುಂಪೂ ಐದು ಜಾಗದ ಓಟ ಬರೆದುಕೊಳ್ಳಲಿ, ಬಾಗನ್ನು ಕೋನಮಾಪಕಕ್ಕೆ ದಾರ ಮತ್ತು ಸಣ್ಣ ಕಲ್ಲು ಕಟ್ಟಿ ಅಳೆಯಲಿ. ತರಗತಿಗೆ ಮರಳಿ ತಾಲೂಕಿನ ನಕ್ಷೆಯ ಮೇಲೆ ಎಲ್ಲ ಗುಂಪುಗಳ ಓಟವನ್ನೂ ಸಣ್ಣ ಗೆರೆಗಳಾಗಿ ಎಳೆಯಿಸಿ. ಬಹುಪಾಲು ಗೆರೆ ವಾಯವ್ಯ ಆಗ್ನೇಯಕ್ಕೆ ಬೀಳುತ್ತವೆ. ಬೀಳದ ಒಂದೆರಡು ಗೆರೆಗಳನ್ನು ತಪ್ಪೆಂದು ಅಳಿಸುವ ಮೊದಲು ಆ ಗುಂಪನ್ನು ಅದೇ ಕಲ್ಲಿನ ಹತ್ತಿರ ಇನ್ನೊಮ್ಮೆ ಕಳಿಸಿ.